ಊಲೆ ಲಾರ್ಸನ್ನನ ಹಿಂದೆ ನಿಂತವನು

೧

ಎಲ್ಲಿಂದ ಶುರು ಮಾಡಲಿ? ಹಡಗಿನಿಂದ ಶುರು ಮಾಡಿದರೆ ಕಥೆಗೊಂದು ತೂಕ ಬರುತ್ತದೆ ಅನ್ನಿಸಿ, ‘೧೮೮೪ನೆಯ ಇಸವಿ, ಮಂಗಳೂರು ಬಂದರು, ನಾರ್ವೆ ದೇಶದ ಬಡಗಿಯೊಬ್ಬ ಹಡಗಿನಿಂದ ಇಳಿದ’ ಎಂದು ಒಂದೂವರೆ ಪುಟ ಬರೆದಿದ್ದೆ, ಓದುಗರೇ. ಹಡಗಿನ ಯಾವ ಭಾಗಕ್ಕೆ ಏನನ್ನುತ್ತಾರೆಂದು ನನಗೆ ಗೊತ್ತಿಲ್ಲ. ಅದಕ್ಕೇ ಎಲ್ಲ ಕಡೆ ‘ಹಡಗಿನ ಆ ಭಾಗ’ ಎಂದೇ ಬರೆದು ಜಾರಿಕೊಂಡಿದ್ದೆ. ಲೋಲಾಕ್ಷಿ ಅದನ್ನು ಓದಿ, ಮಡಚಿ, ವಾಪಸು ಕೊಟ್ಟರು.

“ಇದೆಂತ ಮಾರಾಯ್ರೆ? ನಾನು ನಿಮ್ಮತ್ರ ಕೇಳಿದ್ದು ಒಂದು ಲೆಟರ್. ನೀವು ಹಡಗು ಬಿಡ್ಲಿಕ್ಕೆ ಹೊರಟಿದ್ದೀರಿ.”

ಹೌದು, ಅವರು ಕೇಳಿದ್ದು ಒಂದು ಕಾಗದ ಮಾತ್ರ. ನಾರ್ವೆಯಲ್ಲಿರುವ ಒಬ್ಬ ಮುದುಕಿಗೆ, ಒಳ್ಳೆಯ ಇಂಗ್ಲಿಷಿನಲ್ಲಿ, ಒಂದೇ ಪುಟ. ಏನು ವಿಷಯ ಎಂದು ನಾನು ಕೇಳಿದೆ. ಅಲ್ಲಿಗೆ ಕೆಟ್ಟಿತು.

(ನಾನು ಶ್ಯಾಮಸುಂದರ. ಮೈಸೂರಿನವನು, ಈಗ ಮಸ್ಕತ್ತಿನ ಸೀಬ್‌ನಲ್ಲಿ ವಾಸ, ಹೊಟ್ಟೆಪಾಡಿಗೆ ಕಟ್ಟಡಗಳ ನಕ್ಷೆ ಬರೆಯುತ್ತೇನೆ. ಕನ್ನಡ ಕೂಟದ ಸ್ಮರಣ ಸಂಚಿಕೆಯಲ್ಲಿ ನನ್ನ ಮೂರು ಕಥೆಗಳು ಬಂದ ಮೇಲೆ ಮಸ್ಕತ್ತಿನ ಅರ್ಧ ಕನ್ನಡಿಗರು ನನ್ನನ್ನು ಕಂಡರೆ ಕಾರು ತಿರುಗಿಸುತ್ತಾರೆ. ಲೋಲಾಕ್ಷಿ ತಿರುಗಿಸಲಿಲ್ಲ. ಅವರಿಗೆ ಡ್ರೈವಿಂಗ್ ಬರುವುದಿಲ್ಲ.)

೨

ಹಾಗಾದರೆ ಮಸ್ಕತ್ತಿನ ಹಮ್ರಿಯಾದಿಂದ ಶುರು ಮಾಡೋಣ. ೧೯೮೮, ಶುಕ್ರವಾರ, ಮಧ್ಯಾಹ್ನದ ಊಟದ ಹೊತ್ತು.

ಲೋಲಾಕ್ಷಿಯ ಫ್ಲಾಟಿನ ಬಾಗಿಲು ಶುಕ್ರವಾರಗಳಲ್ಲಿ ತೆರೆದೇ ಇರುತ್ತಿತ್ತು, ತಮ್ಮ ಬರುವವನೆಂದು. ಭೋಜರಾಜ ರುಸೈಲ್‌ನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಇಪ್ಪತ್ತಾರು ವರ್ಷ. ಬಾಗಿಲು ತೆರೆದಿದ್ದರೂ ಹೊಸ್ತಿಲ ಹೊರಗೆ ನಿಂತು ಎರಡು ಸಲ ಗಂಟಲು ಸರಿಪಡಿಸಿಕೊಳ್ಳುವುದು ಅವನ ಅಭ್ಯಾಸ. ಅಕ್ಕ ಒಳಗಿನಿಂದ “ಬಾ ಮಾರಾಯ, ನೀನೆಂತ ನೆಂಟನಾ?” ಎಂದು ಕೂಗಿದ ಮೇಲೇ ಒಳಗೆ ಕಾಲಿಡುತ್ತಿದ್ದ. ಹಿಂದಿನಿಂದ ನೋಡಿದರೆ ಅವರ ಊರು ಮೂಲ್ಕಿಯ ಯಾವ ಹುಡುಗನೂ ಆಗಬಹುದಿತ್ತು. ಎದುರಿನಿಂದ ನೋಡಿದರೆ ಆಗುತ್ತಿರಲಿಲ್ಲ, ಯಾಕೆಂದರೆ ಅವನ ಕಣ್ಣು ಬೂದಿ ಬಣ್ಣದ್ದು. ಊರಿನ ಅವರ ಮನೆಯಲ್ಲಿ ನೂರು ವರ್ಷದಲ್ಲಿ ಆ ಕಣ್ಣು ಬಂದದ್ದು ಅವನೊಬ್ಬನಿಗೇ.

ಆ ಶುಕ್ರವಾರ ಅವನು ಉಂಡ, ಚಾಪೆಯ ಮೇಲೆ ಒಂದು ಗಂಟೆ ಮಲಗಿದ, ನೇರ ಶಿಫ್ಟಿಗೆ ಹೋಗಬೇಕೆಂದು ಕಂಪನಿಯ ನೀಲಿ ಓವರಾಲ್ ಹಾಕಿಕೊಂಡು ನಾಲ್ಕು ಗಂಟೆಯ ಬಸ್ಸು ಹತ್ತಿದ. ರುಸೈಲ್ ಮುಟ್ಟುವ ಮೊದಲು ಮುಂದಿನ ಸೀಟಿಗೆ ಹಣೆ ಆನಿಸಿದ. ನಿದ್ದೆ ಎಂದು ಪಕ್ಕದವರು ತಿಳಿದರು.

೩

[ಇಲ್ಲಿ ಬಸ್ಸಿನೊಳಗಿನ ವಿವರ ಇತ್ತು, ಎರಡು ಪ್ಯಾರಾ. ಚೆನ್ನಾಗಿಯೂ ಇತ್ತು. ಲೋಲಾಕ್ಷಿ ಹೊಡೆದುಹಾಕಿಸಿದರು. “ಆ ಬಸ್ಸಲ್ಲಿ ನೀವೂ ಇರ್ಲಿಲ್ಲ, ನಾನೂ ಇರ್ಲಿಲ್ಲ. ಬಿಡಿ ಅದನ್ನು.”]

೪

ಶವ ಊರಿಗೆ ಹೋಯಿತು. ಲೋಲಾಕ್ಷಿ ಹೋಗಲಾಗಲಿಲ್ಲ. ಪಾಸ್‌ಪೋರ್ಟ್ ಕಫೀಲ್‌ನ ಬಳಿ, ಕಫೀಲ್ (ವೀಸಾ ಕೊಟ್ಟ ಧಣಿ) ಪರದೇಶದಲ್ಲಿ. ಅವನು ಬರುವಷ್ಟರಲ್ಲಿ ಊರಿನಲ್ಲಿ ಎಲ್ಲ ಖಲಾಸ್.

ಎಲ್ಲ ಅಲ್ಲ. ತುಳುವರಲ್ಲಿ ಸತ್ತವನನ್ನು ಮನೆಯಲ್ಲಿ ಹಿಂದೆ ಸತ್ತವರ ಸಾಲಿಗೆ ಸೇರಿಸುವ ಕ್ರಮವೊಂದಿದೆ. ‘ಹದಿನಾರಕ್ಕೆ ಸೇರಿಸುವುದು’ ಎನ್ನುತ್ತಾರೆ. ಹೆಸರು ಹಿಡಿದು ಕರೆದು, ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆರೆಯುತ್ತಾರೆ. ಬಂದವನು ಉಂಡನೋ ಇಲ್ಲವೋ ತಿಳಿಯಲು ಲೋಲಾಕ್ಷಿಯ ಮನೆಯಲ್ಲಿ ಒಂದು ಗುರುತಿತ್ತು. ಎಲೆಯ ಮೇಲಿನದು ಕಡಿಮೆಯಾಗುವುದಿಲ್ಲ, ಆದರೆ ಅದರಲ್ಲಿದ್ದ ಉಪ್ಪು ಹೋಗಿರುತ್ತದೆ. ಭೋಜರಾಜನಿಗೆ ಬಡಿಸಿದ ಎಲೆಯಲ್ಲಿ ಉಪ್ಪು ಇದ್ದ ಹಾಗೇ ಇತ್ತು. ಮರುವರ್ಷ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ಮತ್ತೆ ಕರೆದು ಬಡಿಸಿದರು. ಆಗಲೂ ಇತ್ತು.

ಸೋದರಮಾವ ದೂಮಪ್ಪನವರು ಇದನ್ನು ಕಾಗದದಲ್ಲಿ ಬರೆಯಲಿಲ್ಲ, ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸಿದರು. ಲೋಲಾಕ್ಷಿ ಮತ್ತು ಗಂಡ ಪ್ರೇಮನಾಥ ಟೇಪ್‌ರೆಕಾರ್ಡರ್ ಎದುರು ಕೂತು ಕೇಳಿದರು.

“ಮಗಾ, ಜೋಯಿಸರತ್ರ ಪ್ರಶ್ನೆ ಇಡಿಸಿದ್ದಾಯ್ತು. ಅವರು ಹೇಳುದು, ಅಂಗಳದಲ್ಲಿ ಒಬ್ಬ ಮೊದಲೇ ನಿಂತಿದ್ದಾನೆ ಅಂತ. ಬಿಳಿ ಅಜ್ಜ. ನಿನ್ನ ಅಜ್ಜಿಯ ಅಮ್ಮನ ಅಪ್ಪ. ನೂರು ವರ್ಷದಿಂದ ಅವನನ್ನು ಯಾರೂ ಕರ್ದಿಲ್ಲ. ಆ ಕಣ್ಣಿನವ ಆ ಕಣ್ಣಿನವನ ಹಿಂದೆಯೇ ನಿಲ್ಲುದಂತೆ. ಮುಂದಿನವ ಒಳಗೆ ಹೋಗದೆ ನಮ್ಮ ಭೋಜ ಹೇಗೆ ಹೋಗುದು?”

ಮಾವನ ಮಾತು ಮುಗಿದ ಮೇಲೂ ಟೇಪು ಓಡುತ್ತಿತ್ತು. ಪ್ರೇಮನಾಥ ಆಫ್ ಮಾಡಲು ಕೈ ಚಾಚಿದ. ಆಗ ಅದರೊಳಗೆ ಯಾರೋ ಎರಡು ಸಲ ಗಂಟಲು ಸರಿಪಡಿಸಿಕೊಂಡರು.

“ಹಳೆ ಕ್ಯಾಸೆಟ್ ಇರ್ಬೇಕು,” ಅಂದ ಪ್ರೇಮನಾಥ. “ಭೋಜ ಮೊದಲು ಮಾತಾಡಿ ಕಳ್ಸಿದ್ದರ ಮೇಲೆಯೇ ಮಾವ ಮಾತಾಡಿದ್ದು.”

ಇರಬಹುದು. ಲೋಲಾಕ್ಷಿ ಮಾತ್ರ ಟೇಪ್‌ರೆಕಾರ್ಡರಿನ ಕಡೆ ತಿರುಗಿ, ಬಾಯಿ ತಪ್ಪಿ “ಬಾ ಮಾರಾಯ” ಅಂದುಬಿಟ್ಟಳು. ಆಮೇಲೆ ಅತ್ತಳು.

೫

ಇಲ್ಲಿ ಕಥೆಗಾರನಿಗೊಂದು ಸಂಶಯ. ಬಿಳಿ ಅಜ್ಜನನ್ನೂ ಮೂಲ್ಕಿಯವರೇ ಕರೆದು ಒಂದು ಎಲೆ ಹಾಕಿಬಿಟ್ಟರಾಗದೇ? ಕಥೆ ಇಲ್ಲಿಗೇ ಮುಗಿದು ನಾನೂ ಬಚಾವಾಗುತ್ತಿದ್ದೆ.

“ನಿಮಗೆ ಘಟ್ಟದ ಮೇಲಿನವರಿಗೆ ಇದು ಗೊತ್ತಾಗುದಿಲ್ಲ,” ಅಂದರು ಲೋಲಾಕ್ಷಿ. “ನಮ್ಮಲ್ಲಿ ಕುಟುಂಬ ಅಂದ್ರೆ ತಾಯಿ ಕಡೆಯದ್ದು. ಗಂಡ ಅಂದ್ರೆ ಅವನ ಅಮ್ಮನ ಮನೆಯವ. ಸತ್ರೆ ಅವನನ್ನು ಕರೀಬೇಕಾದ್ದು ಅವರು, ನಾವಲ್ಲ. ಬಿಳಿ ಅಜ್ಜ ನಮ್ಮ ಮನೇಲಿ ಇದ್ದ, ದೋಣಿ ರಿಪೇರಿ ಮಾಡ್ತಿದ್ದ, ನಮ್ಮ ಮನೆಯಲ್ಲೇ ಸತ್ತ. ಆದ್ರೆ ನಮ್ಮವ ಅಲ್ಲ.”

“ಹಾಗಾದ್ರೆ ಅವನ ತಾಯಿಯ ಮನೆ?”

“ಅದನ್ನೇ ಹುಡುಕಿದ್ದು ಮತ್ತೆ, ಇಷ್ಟು ವರ್ಷ.”

ಎಷ್ಟು ಸುಲಭವಾಗಿ ಹೇಳಿಬಿಟ್ಟರು! ಮಸ್ಕತ್ತಿನ ಒಂದು ಡೆಂಟಲ್ ಕ್ಲಿನಿಕ್ಕಿನ ರಿಸೆಪ್ಷನಿನಲ್ಲಿ ಕೂತು, ನೂರು ವರ್ಷದ ಹಿಂದೆ ಸತ್ತ ಬಡಗಿಯ ತಾಯಿಯ ಮನೆಯನ್ನು ನಾರ್ವೆಯಲ್ಲಿ ಹುಡುಕುವುದು.

೫ (ಮತ್ತೆ, ಮೊದಲಿನ ೫ರಲ್ಲಿ ಮಾತೇ ಜಾಸ್ತಿಯಾಯಿತು)

ಕೈಯಲ್ಲಿದ್ದ ಸುಳಿವು ಒಂದೇ. ರುಸೈಲ್‌ನಿಂದ ಬಂದ ಭೋಜರಾಜನ ಸಾಮಾನಿನಲ್ಲಿ ಒಂದು ಫೋಟೋ ಇತ್ತು. ಊರಿನ ಮನೆಯಲ್ಲಿ ಅಕ್ಕಿ ತುಂಬಿಡುವ ಮರದ ಪೆಟ್ಟಿಗೆಯ ಮುಚ್ಚಳದ್ದು. ಅದರ ಮೇಲೆ ಬಣ್ಣದಲ್ಲಿ ‘ಊಲೆ ಲಾರ್ಸನ್’ ಎಂಬ ಹೆಸರು, ಒಂದು ಊರು, ೧೮೭೯ ಎಂಬ ಇಸವಿ. ತನ್ನ ಕಣ್ಣು ಎಲ್ಲಿಂದ ಬಂತೆಂದು ಆ ಹುಡುಗನಿಗೂ ಕುತೂಹಲವಿತ್ತೇನೋ.

೧೯೯೦ರಲ್ಲಿ ಹಲ್ಲುನೋವೆಂದು ಆಸ್ತ್ರಿ ಎಂಬ ನಾರ್ವೆಯ ಹೆಂಗಸು ಕ್ಲಿನಿಕ್ಕಿಗೆ ಬಂದರು. ಗಂಡನಿಗೆ ತೈಲದ ಕೆಲಸ. ಲೋಲಾಕ್ಷಿ ಅಪಾಯಿಂಟ್‌ಮೆಂಟ್ ಪುಸ್ತಕದೊಳಗಿಂದ ಫೋಟೋ ತೆಗೆದು ತೋರಿಸಿದಳು. ಆಸ್ತ್ರಿಗೆ ಹಲ್ಲುನೋವು ಮರೆತೇಹೋಯಿತು. ತಮ್ಮ ಜಿಲ್ಲೆಯ ಪಕ್ಕದ ಊರು ಅದು, ಬೇಸಿಗೆ ರಜೆಗೆ ಹೋದಾಗ ಚರ್ಚಿನ ಹಳೇ ಪುಸ್ತಕಗಳನ್ನು ನೋಡಿ ಬರುತ್ತೇನೆ ಎಂದರು.

ಹೋದರು, ನೋಡಿದರು, ಬಂದರು. ಏಳು ಹಾಳೆ ತುಂಬ ಹೆಸರು! ಊಲೆಯ ಅಪ್ಪ ಲಾರ್ಸ್, ಲಾರ್ಸನ ಅಪ್ಪ, ಅವನ ಅಪ್ಪ, ಹೀಗೆ ಮುನ್ನೂರು ವರ್ಷದ ಅಪ್ಪಂದಿರು. ಆಸ್ತ್ರಿ ಮುಖವರಳಿಸಿ ಕಾಯುತ್ತಿದ್ದರು. ಲೋಲಾಕ್ಷಿ ಹಾಳೆಗಳನ್ನು ಒಂದೊಂದಾಗಿ ಮಗುಚಿದಳು.

“ಮೇಡಂ, ದಿಸ್ ಈಸ್ ಆಲ್ ಫಾದರ್ಸ್,” ಅಂದಳು. “ನೋ ಯೂಸ್.”

ಪಾಪ, ಆಸ್ತ್ರಿ. ಇನ್ನೊಂದು ಬೇಸಿಗೆ ಹೋಯಿತು. ಈ ಸಲ ತಾಯಿಯ ದಾರಿ ಹಿಡಿದರು. ಊಲೆಯ ತಾಯಿ ಮಾರಿತ್, ಊಲೆಯ ಅಕ್ಕ, ಅಕ್ಕನ ಮಗಳು, ಆ ಮಗಳ ಮಗಳು. ಆ ಕೊನೆಯವಳು ಇನ್ನೂ ಬದುಕಿದ್ದಳು. ಹೆಸರು ಮಾರ್ತಾ, ಎಂಬತ್ತೊಂದು ವರ್ಷ, ಮದುವೆಯಾಗಿಲ್ಲ, ಅದೇ ಹಳೇ ಮನೆಯಲ್ಲಿ ಒಬ್ಬಳೇ. ಅವಳ ನಂತರ ಆ ಕಡೆ ಯಾರೂ ಇಲ್ಲ.

ಸತ್ತವನೊಬ್ಬನನ್ನು ಊಟಕ್ಕೆ ಕರೆಯುವಿರಾ ಎಂದು ಕೇಳುವುದು ಹೇಗೆ? ಆಸ್ತ್ರಿ ಹೆದರುತ್ತ ಕೇಳಿದರು. ಮಾರ್ತಾ ನಗಲಿಲ್ಲವಂತೆ. ತನ್ನ ಅಜ್ಜಿ ಕ್ರಿಸ್ಮಸ್‌ನಂದು ಉಂಡಾದ ಮೇಲೆ ಮೇಜು ತೆಗೆಯದೆ ಹಾಗೇ ಬಿಡುತ್ತಿದ್ದಳು, ಯಾರಿಗೆ ಎಂದರೆ ಹೇಳುತ್ತಿರಲಿಲ್ಲ, ಈಗ ಗೊತ್ತಾಯಿತು ಎಂದಳಂತೆ. ಏನು ಹೇಳಿ ಕರೆಯಬೇಕೆಂಬುದನ್ನು ಮಾತ್ರ ಬರೆದು ಕಳಿಸಿ ಎಂದಳು.

೬

ಅದನ್ನು ಬರೆದದ್ದು ಲೋಲಾಕ್ಷಿ. ಕ್ಲಿನಿಕ್ಕಿನ ಟೈಪ್‌ರೈಟರಿನಲ್ಲಿ, ತಾನೇ.

ನಮ್ಮ ಕರಾವಳಿಯವರ ಆಮಂತ್ರಣ ನೀವು ಕೇಳಿರಬೇಕು. ಒಬ್ಬರನ್ನೇ ಕರೆಯುವುದು ಅವರಲ್ಲಿ ಮರ್ಯಾದೆಯಲ್ಲ. ‘ನೀವು ಬನ್ನಿ’ ಎಂದು ನಿಲ್ಲಿಸಿದರೆ ಬೇಡದ ಮನಸ್ಸಿನಿಂದ ಕರೆದ ಹಾಗೆ. ‘ಒಟ್ಟಿಗಿದ್ದವರನ್ನೂ ಕರ್ಕೊಂಡು ಬರ್ಬೇಕು’ ಎಂದ ಮೇಲೇ ಕರೆದದ್ದು ಲೆಕ್ಕಕ್ಕೆ. ಹೆಂಡತಿ ಮಕ್ಕಳಿಲ್ಲದ ಬ್ರಹ್ಮಚಾರಿಯನ್ನೂ ಹಾಗೇ ಕರೆಯುತ್ತಾರೆ. ಲೋಲಾಕ್ಷಿ ಹುಟ್ಟಿದಂದಿನಿಂದ ಕೇಳಿದ ಮಾತು, ಯೋಚನೆ ಮಾಡದೆ ಕೈ ಟೈಪು ಮಾಡಿತು. ‘ಊಲೆ, ಮನೆಗೆ ಬಾ, ಊಟ ಮಾಡು. ನಿನ್ನ ಒಟ್ಟಿಗಿದ್ದವರನ್ನೂ ಕರೆದುಕೊಂಡು ಬಾ.’

ಕಾಗದ ಹೋಯಿತು. ೧೯೯೧ರ ಕ್ರಿಸ್ಮಸ್ ಬಂತು.

೭

ಈಗ ಮುಗಿಸುವ ಪ್ರಯತ್ನಗಳು.

ಮುಕ್ತಾಯ ಒಂದು: ಊಲೆ ಬಂದ, ಉಂಡ, ನೂರು ವರ್ಷದ ಮೇಲೆ ತನ್ನವರ ಸಾಲು ಸೇರಿದ. ಮೂಲ್ಕಿಯ ಅಂಗಳ ಖಾಲಿಯಾಯಿತು. ಮರು ಆಟಿಯಲ್ಲಿ ಭೋಜರಾಜನಿಗೆ ಬಡಿಸಿದರು, ಉಪ್ಪು ಹೋಯಿತು, ಅಕ್ಕ ಸಮಾಧಾನದ ನಿಟ್ಟುಸಿರು ಬಿಟ್ಟಳು. (ಸ್ಮರಣ ಸಂಚಿಕೆಗೆ ಹೇಳಿ ಮಾಡಿಸಿದ ಹಾಗಿದೆ.)

ಮುಕ್ತಾಯ ಎರಡು: ಯಾರೂ ಬರಲಿಲ್ಲ, ಯಾಕೆಂದರೆ ಸತ್ತವರು ಬರುವುದಿಲ್ಲ. ಮುದುಕಿ ತಣ್ಣಗಾದ ಆಲೂಗಡ್ಡೆ ಬೆಕ್ಕಿಗೆ ಹಾಕಿದಳು. (ಇದನ್ನು ಬರೆದಾಗ ನಾನು ಬಹಳ ವಿಚಾರವಂತನೆನ್ನಿಸಿ ಖುಷಿಯಾಯಿತು.)

ಎರಡನ್ನೂ ಓದಿ ಹೇಳಿದೆ. ಲೋಲಾಕ್ಷಿ ಎದ್ದರು. ಒಳಗೆ ಹೋಗಿ ಒಂದು ಲಕೋಟೆ ತಂದು ನನ್ನ ಮುಂದಿಟ್ಟರು. ೧೯೯೨ರ ಜನವರಿಯದು. ಮಾರ್ತಾ ಹೇಳಿದ್ದನ್ನು ಆಸ್ತ್ರಿ ಇಂಗ್ಲಿಷಿನಲ್ಲಿ ಬರೆದಿದ್ದರು. ನಾನು ಓದಿದ್ದು ಇದು:

‘ನೀವು ಬರೆದ ಹಾಗೇ ಕರೆದೆ. ಒಣಮೀನು, ಆಲೂಗಡ್ಡೆ ಬಡಿಸಿ ಪಕ್ಕದ ಕೋಣೆಗೆ ಹೋದೆ. ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳಿತು, ಕುರ್ಚಿ ಎಳೆದ ಸದ್ದೂ ಕೇಳಿತು. ಆಮೇಲೆ ಬಾಗಿಲಲ್ಲಿ ಇನ್ಯಾರೋ ಎರಡು ಸಲ ಗಂಟಲು ಸರಿಪಡಿಸಿಕೊಂಡರು. ಮಗ್ಗುಲ ಬಾಗಿಲ ಸಂದಿಯಿಂದ ನೋಡಿದೆ. ಊಲೆ ಮೇಜಿನ ತುದಿಯಲ್ಲಿ ಕೂತಿದ್ದ, ನಮ್ಮ ಮನೆಯವನೇ ಅವನು, ಅನುಮಾನವಿಲ್ಲ. ಹೊಸ್ತಿಲಾಚೆ ಒಬ್ಬ ಕಪ್ಪು ಹುಡುಗ ನಿಂತಿದ್ದ. ಮೈಮೇಲೆ ಕೆಲಸಗಾರರ ನೀಲಿ ಬಟ್ಟೆ. ಆದರೆ ಕಣ್ಣು ನಮ್ಮ ಮನೆಯದು. ಚಳಿಗೆ ನಡುಗುತ್ತಿದ್ದ. ಒಳಗೆ ಬಾ ಎಂದೆ, ಅವನಿಗೂ ಒಂದು ತಟ್ಟೆ ಇಟ್ಟೆ. ಬೆಳಿಗ್ಗೆ ಎರಡೂ ತಟ್ಟೆಯದನ್ನು ರುಚಿ ನೋಡಿದೆ, ಉಪ್ಪಿನ ಮೀನು ಸಪ್ಪೆಯಾಗಿತ್ತು. ಅವನು ಇನ್ನೂ ಇಲ್ಲೇ ಇದ್ದಾನೆ. ದಯವಿಟ್ಟು ಹೇಳಿ, ಇವನು ಯಾರ ಮಗ?’

ಉಪ್ಪಿನ ವಿಷಯ ಯಾರಾದರೂ ಮಾರ್ತಾಗೆ ಬರೆದಿದ್ದರೇ ಎಂದು ಕೇಳಿದೆ. 

“ಇಲ್ಲ,” ಅಂದರು ಲೋಲಾಕ್ಷಿ. “ನಾನು ಬರ್ದದ್ದು ಒಟ್ಟಿಗಿದ್ದವರನ್ನೂ ಕರ್ಕೊಂಡು ಬಾ ಅಂತ. ಅವನ ಒಟ್ಟಿಗೆ ಇದ್ದದ್ದು ಯಾರು? ನನ್ನ ತಮ್ಮ. ನಾನೇ ಕಳ್ಸಿದ್ದು, ಶ್ಯಾಮಸುಂದರ್. ನನ್ನ ಕೈಯಾರೆ.”

೮

ಆ ವರ್ಷದ ಆಟಿಯಲ್ಲಿ ದೂಮಪ್ಪ ಮಾವ ಮೂಲ್ಕಿಯಲ್ಲಿ ಭೋಜರಾಜನನ್ನು ಗಂಟಲು ಹರಿಯುವಷ್ಟು ಕರೆದರು. ಈ ಸಲ ಲೋಲಾಕ್ಷಿಯೂ ರಜೆ ಹಾಕಿ ಹೋಗಿದ್ದಳು. ಬಾಗಿಲ ಬಳಿ ನಿಂತು ತಾನೂ ಕರೆದಳು. ಎಲೆಯಲ್ಲಿ ಉಪ್ಪು ಇತ್ತು. ಮಸ್ಕತ್ತಿಗೆ ವಾಪಸಾದಾಗ ಆಸ್ತ್ರಿಯ ಕಾಗದ ಕಾದಿತ್ತು. ಮಾರ್ತಾ ಹೇಳಿಸಿದ್ದು ನಾಲ್ಕೇ ಸಾಲು:

‘ಜುಲೈ ಕೊನೆಯ ವಾರ ಒಂದು ಮಧ್ಯಾಹ್ನ ಹುಡುಗ ಇದ್ದಕ್ಕಿದ್ದಂತೆ ಎದ್ದು ಬಾಗಿಲಿಗೆ ಹೋದ. ಯಾರೋ ಕರೆದ ಹಾಗೆ ಕಿವಿಗೊಟ್ಟು ನಿಂತ. ಗುಡ್ಡ ನೋಡಿದ, ನೀರು ನೋಡಿದ. ದಾರಿ ಗೊತ್ತಾಗದೆ ಒಳಗೆ ಬಂದು ಮತ್ತೆ ಕೂತ.’

ನನ್ನ ನಕ್ಷೆ ಬರೆಯುವ ಬುದ್ಧಿ ತಟ್ಟನೆ ಓಡಿತು. ಊಲೆಗೆ ದಾರಿ ಗೊತ್ತಲ್ಲ, ಒಮ್ಮೆ ಬಂದವನೇ, ಅವನೇ ಕರೆತರಲಿ ಅಂದೆ.

“ನೂರು ವರ್ಷ ಹೊರಗೆ ನಿಂತವ ಈಗಷ್ಟೇ ಕೂತದ್ದು,” ಅಂದರು ಲೋಲಾಕ್ಷಿ. “ಅವನನ್ನು ಏಳ್ಸುದು ಹೇಗೆ? ನೀವಾದ್ರೆ ಏಳ್ಸ್ತೀರಾ?”

೯

ಇದನ್ನು ಬರೆಯಬಾರದು. ಆದರೂ ಬರೆಯುತ್ತೇನೆ.

ಇಷ್ಟು ಕೇಳಿದ ಮೇಲೆ ನನಗೆ ಕಾಗದ ಮರೆತು ಕಥೆಯ ಹುಚ್ಚು ಹಿಡಿಯಿತು. ಕಥೆಗೊಂದು ಅಂತ್ಯ ಬೇಕಲ್ಲ? ಮುಕ್ತಾಯ ಮೂರು ಎಂದು ಹಾಕಿ, ಮಾರ್ತಾ ಅಡುಗೆಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಸಾಯುವ ಹಾಗೆ ಬರೆದೆ. ಮನೆಗೆ ಬೀಗ ಬೀಳುತ್ತದೆ, ಒಳಗೆ ಮೇಜಿನ ಮುಂದೆ ಇಬ್ಬರು ಕಾಯುತ್ತಿರುತ್ತಾರೆ. ಕರೆಯುವವರೂ ಇಲ್ಲ, ಬಡಿಸುವವರೂ ಇಲ್ಲ. ಬಹಳ ಚೆನ್ನಾಗಿ ಬಂದಿತ್ತು. ಅದು ೧೯೯೪ರ ಫೆಬ್ರವರಿಯ ಒಂದು ಗುರುವಾರ.

ಶನಿವಾರ ಲೋಲಾಕ್ಷಿ ಕ್ಲಿನಿಕ್ಕಿನಿಂದ ಫೋನ್ ಮಾಡಿದರು. ಊರಿಗೆ ಮರಳಿದ್ದ ಆಸ್ತ್ರಿ ಅಲ್ಲಿಂದ ಕರೆ ಮಾಡಿದ್ದರಂತೆ. ಗುರುವಾರ ಮಾರ್ತಾ ಅಡುಗೆಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದಾಳೆ. ಪ್ರಜ್ಞೆಯಿಲ್ಲ, ಆಸ್ಪತ್ರೆಯಲ್ಲಿದ್ದಾಳೆ.

ನಾನು ಹಾಳೆಯನ್ನು ಹರಿದೆ. ಹರಿದದ್ದು ಸಾಲದೆನಿಸಿ ಸಿಂಕಿನಲ್ಲಿಟ್ಟು ಸುಟ್ಟೆ. ಬೂದಿಯ ಮೇಲೆ ನಲ್ಲಿಯನ್ನೂ ಬಿಟ್ಟೆ, ಸುಳ್ಳೇಕೆ ಹೇಳಲಿ. ಕಾಕತಾಳೀಯ ಎಂದು ನೀವು ಹೇಳುತ್ತೀರಿ. ನಾನೂ ನೂರು ಸಲ ಹೇಳಿಕೊಂಡೆ. ಸೋಮವಾರ ಮತ್ತೆ ಫೋನ್ ಬಂತು. ಮುದುಕಿ ಕಣ್ಣು ಬಿಟ್ಟು, ಮನೆಯಲ್ಲಿ ಹುಡುಗ ಹಸಿದಿದ್ದಾನೆ, ನನ್ನನ್ನು ಬಿಡಿ ಎಂದು ದಾದಿಯರ ಜೊತೆ ಜಗಳ ಆಡುತ್ತಿದ್ದಾಳಂತೆ.

ವಿಷಯ ಮುಚ್ಚಿಡಲಾಗದೆ ಲೋಲಾಕ್ಷಿಗೆ ಹೇಳಿಬಿಟ್ಟೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ನನ್ನ ಕೈಯನ್ನೇ ನೋಡಿದರು.

“ಇನ್ನು ನೀವು ಇದನ್ನು ಮುಗಿಸ್ಬಾರದು,” ಅಂದರು. “ಗೊತ್ತಾಯ್ತಲ್ಲ?”

೧೦

ಹೀಗಾಗಿ ಕಥೆ ಬಿಟ್ಟು, ಮೊದಲು ಕೇಳಿದ ಕಾಗದವನ್ನೇ ಬರೆಯಲು ಕೂತಿದ್ದೇವೆ. ಶುಕ್ರವಾರ, ಹಮ್ರಿಯಾ. ಬಾಗಿಲು ತೆರೆದಿದೆ. ಕೆಳಗಿನ ಅಂಗಡಿಯ ರೇಡಿಯೋ ಕೇಳುತ್ತಿದೆ. ಪ್ರೇಮನಾಥ ಒಳಗೆ ನಿದ್ದೆ ಮಾಡುತ್ತಿದ್ದಾನೆ.

ಕಾಗದದಲ್ಲಿ ಇರಬೇಕಾದ್ದು ಏನೆಂದು ಇಬ್ಬರಿಗೂ ಗೊತ್ತು. ಮಾರ್ತಾ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ, ಆದರೆ ಅವಳಿಗೆ ಎಂಬತ್ತನಾಲ್ಕು. ಅವಳು ಹೋದರೆ ಆ ಮೇಜು ಹೋಯಿತು. ಅವಳಿರುವಾಗಲೇ ಭೋಜರಾಜನನ್ನು ಎಬ್ಬಿಸಿ ಕಳಿಸಬೇಕು. ಅವಳು ಹೇಳಬೇಕಾದ ಮಾತನ್ನು ಲೋಲಾಕ್ಷಿ ತುಳುವಿನಲ್ಲಿ ಹೇಳಿ, ನಾನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ‘ಎದ್ದು ಮನೆಗೆ ಹೋಗು.’ ಅಷ್ಟೇ. ಹೊರಗೆ ಹಿಮ, ಒಬ್ಬನೇ, ದಾರಿ ಗೊತ್ತಿಲ್ಲ, ಮೈಮೇಲೆ ತೆಳ್ಳಗಿನ ಓವರಾಲ್.

“ಹೇಳಿ,” ಅಂದೆ.

“ಬರೀರಿ. ಹೋಗು ಅಂತ ಹೇಳುವ ಮೊದಲು ಅವನಿಗೆ ಸರಿಯಾಗಿ ಊಟ ಹಾಕ್ಬೇಕು. ಬರೀ ಆಲೂಗಡ್ಡೆ ಆಗುದಿಲ್ಲ. ಅನ್ನ ಬೇಕು. ಕುಚ್ಚಲಕ್ಕಿ ಅಲ್ಲಿ ಸಿಗ್ಲಿಕ್ಕಿಲ್ಲ, ಯಾವುದಾದ್ರೂ ಆದೀತು.”

ಬರೆದೆ.

“ಮೀನಿಗೆ ಹುಳಿ ಜಾಸ್ತಿ ಹಾಕ್ಲಿಕ್ಕೆ ಹೇಳಿ. ಖಾರ ಅವರಿಗೆ ಆಗುದಿಲ್ಲ, ಆದ್ರೂ ಸ್ವಲ್ಪ. ಆಮೇಲೆ ಹುರುಳಿ ಸಾರು. ಅದಕ್ಕೆ ಮತ್ತೆ ಅನ್ನ. ಅವನು ಸಾಕು ಅಂತಾನೆ, ಕೇಳ್ಬೇಡಿ ಅಂತ ಬರೀರಿ. ಅವನು ಯಾವಾಗ್ಲೂ ಮೊದಲು ಸಾಕು ಅನ್ನುವವ.”

ಬರೆದೆ. ಒಂದು ಪುಟ ತುಂಬಿತು. ಇನ್ನೊಂದು ತೆಗೆದುಕೊಂಡೆ. ಕೋಳಿ ಬಂತು, ರೊಟ್ಟಿ ಬಂತು, ಪಾಯಸ ಬಂತು, ಪಾಯಸದ ಮೇಲೆ ಮತ್ತೆ ಅನ್ನ ಬಂತು. ಲೋಲಾಕ್ಷಿಯ ಕಣ್ಣಿಂದ ನೀರು ಇಳಿಯುತ್ತಿತ್ತು. ಅವರು ಒರೆಸಿಕೊಳ್ಳದೆ ಹೇಳುತ್ತಲೇ ಇದ್ದರು. ಮೂರನೆಯ ಪುಟದ ಕೊನೆಗೆ ಬಂದಾಗ ನಾನು ಪೆನ್ನು ತಡೆದೆ. ಘಟ್ಟದ ಮೇಲಿನವನಾದರೂ ನನಗೆ ಇಷ್ಟು ಗೊತ್ತು, ಮಜ್ಜಿಗೆ ಬಂತೆಂದರೆ ಊಟ ಮುಗಿದ ಹಾಗೆ. ಆಮೇಲೆ ಯಾರೂ ಎಲೆಯ ಮುಂದೆ ಕೂರುವುದಿಲ್ಲ.

“ಲೋಲಾಕ್ಷಿಯವರೇ,” ಅಂದೆ ಮೆಲ್ಲಗೆ. “ಮಜ್ಜಿಗೆ ಬರೀಲಾ?”

“ಬೇಡ,” ಅಂದರು. “ಇನ್ನೊಂದು ಸಲ ಅನ್ನ ಹಾಕ್ಲಿಕ್ಕೆ ಹೇಳಿ.”